ಕೈ ಸೋತ ಮೇಲಿನ ಲೆಕ್ಕ

ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಒಂದು ದೊಡ್ಡ ಪುಸ್ತಕವಿದೆ. ಅಲ್ಲಿ ಬೋಧಿಸಲು ನೇಮಕಗೊಂಡವರು ಅದರಲ್ಲಿ ರುಜು ಹಾಕುವುದು ಸಂಪ್ರದಾಯ. 1979ರಲ್ಲಿ ಅಲ್ಲಿನ ಲುಕೇಸಿಯನ್ ಗಣಿತ ಪೀಠಕ್ಕೆ, ಅಂದರೆ ಒಂದು ಕಾಲಕ್ಕೆ ಐಸಾಕ್ ನ್ಯೂಟನ್ ಕುಳಿತಿದ್ದ ಪೀಠಕ್ಕೆ, ಹೊಸ ಪ್ರಾಧ್ಯಾಪಕರೊಬ್ಬರು ಬಂದರು. ವರ್ಷದ ಮೇಲಾದ ನಂತರ ಯಾರಿಗೋ ಹೊಳೆಯಿತು: ಇವರು ಪುಸ್ತಕದಲ್ಲಿ ರುಜು ಹಾಕಿಯೇ ಇಲ್ಲ! ಪುಸ್ತಕವನ್ನು ಅವರ ಕೋಣೆಗೇ ಹೊತ್ತು ತಂದರು. ಗಾಲಿಕುರ್ಚಿಯಲ್ಲಿ ಕುಳಿತಿದ್ದ ಪ್ರಾಧ್ಯಾಪಕರು ಲೇಖನಿ ಹಿಡಿದು, ಬಲು ಕಷ್ಟಪಟ್ಟು, ತಮ್ಮ ಹೆಸರು ಬರೆದರು. ಸ್ಟೀಫನ್ ಹಾಕಿಂಗ್ ತಮ್ಮ ಕೈಯಿಂದ ತಮ್ಮ ಹೆಸರು ಬರೆದದ್ದು ಅದೇ ಕೊನೆ.

ಆಗ ಅವರಿಗೆ ನಲವತ್ತು ತುಂಬಿರಲಿಲ್ಲ. ಆಮೇಲೆ ಇನ್ನೂ ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಅವರು ಬದುಕಿದರು, ಪಾಠ ಹೇಳಿದರು, ಪುಸ್ತಕ ಬರೆದರು, ಜಗಳವಾಡಿದರು, ಪಂದ್ಯ ಕಟ್ಟಿ ಸೋತರು, ದೇಶ ದೇಶ ಸುತ್ತಿದರು.

ಅವರ ಚಿತ್ರವನ್ನು ನೋಡದ ವಿದ್ಯಾರ್ಥಿ ಇರಲಾರ. ಒಂದು ಬದಿಗೆ ವಾಲಿದ ತಲೆ, ದಪ್ಪ ಕನ್ನಡಕ, ತೊಡೆಯ ಮೇಲೆ ಜೋಡಿಸಿಟ್ಟಂತೆ ಕೈಗಳು. ಶಾಲೆಯ ಗೋಡೆಗೆ ತೂಗುಹಾಕಿದ ಇಂಥ ಚಿತ್ರದ ಕೆಳಗೆ, ಮನೋಬಲವೊಂದಿದ್ದರೆ ಏನನ್ನಾದರೂ ಸಾಧಿಸಬಹುದು ಎಂಬರ್ಥದ ಒಂದು ಸಾಲು ತಪ್ಪದೆ ಇರುತ್ತದೆ. ಆ ಸಾಲು ಸುಳ್ಳೆನ್ನಲಾಗದು. ಆದರೆ ಅದು ಅರ್ಧ ಕಥೆ. ಉಳಿದರ್ಧದಲ್ಲಿ ಒಬ್ಬ ಹೆಂಡತಿ, ಹಲವಾರು ವಿದ್ಯಾರ್ಥಿಗಳು, ಪಾಳಿಯಲ್ಲಿ ದುಡಿದ ದಾದಿಯರು, ಇಬ್ಬರು ಮೂವರು ಎಂಜಿನಿಯರುಗಳು, ಸಾಕಷ್ಟು ದುಡ್ಡು ಮತ್ತು ಒಂದಿಷ್ಟು ಅದೃಷ್ಟ ಸೇರಿವೆ. ಮಕ್ಕಳ ಮುಂದೆ ಅರ್ಧ ಕಥೆಯನ್ನಷ್ಟೇ ಇಟ್ಟರೆ, ಕಾಯಿಲೆ ಬಿದ್ದು ಏನನ್ನೂ ಸಾಧಿಸಲಾಗದೆ ಹೋದವರಿಗೆ ಮನೋಬಲವೇ ಇರಲಿಲ್ಲವೇನೋ ಎಂಬ ಅನ್ಯಾಯದ ಅರ್ಥ ಹೊರಡುತ್ತದೆ.

ಸ್ಟೀಫನ್ ಹುಟ್ಟಿದ್ದು 1942ರ ಜನವರಿ 8ರಂದು, ಆಕ್ಸ್‌ಫರ್ಡಿನಲ್ಲಿ. ಗೆಲಿಲಿಯೋ ಸತ್ತು ಅಂದಿಗೆ ಸರಿಯಾಗಿ ಮುನ್ನೂರು ವರ್ಷ. ಈ ಕಾಕತಾಳೀಯವನ್ನು ಹೇಳಿಕೊಳ್ಳುವುದು ಹಾಕಿಂಗ್‌ಗೆ ಇಷ್ಟ. ಆದರೆ ಆ ದಿನ ಇನ್ನೂ ಎರಡು ಲಕ್ಷ ಕೂಸುಗಳು ಹುಟ್ಟಿರಬೇಕೆಂದು ಅವರೇ ಸೇರಿಸುತ್ತಿದ್ದರು. ತಂದೆ ಫ್ರಾಂಕ್ ಹಾಕಿಂಗ್ ಉಷ್ಣವಲಯದ ರೋಗಗಳ ಸಂಶೋಧಕ ವೈದ್ಯ. ತಾಯಿ ಇಸೊಬೆಲ್ ಕೂಡ ಆಕ್ಸ್‌ಫರ್ಡಿನಲ್ಲಿ ಓದಿದವರು. ಇದ್ದದ್ದು ಲಂಡನ್ನಿನಲ್ಲಾದರೂ, ಯುದ್ಧಕಾಲದಲ್ಲಿ ಆಕ್ಸ್‌ಫರ್ಡಿನ ಮೇಲೆ ಬಾಂಬು ಬೀಳುವುದಿಲ್ಲವೆಂಬ ನಂಬಿಕೆಯಿಂದ ಹೆರಿಗೆಗೆ ಅಲ್ಲಿಗೆ ಹೋಗಿದ್ದರು. 1950ರಲ್ಲಿ ಸೇಂಟ್ ಆಲ್ಬನ್ಸ್ ಎಂಬ ಊರಿಗೆ ಬಂದು ನೆಲೆಸಿದ ಈ ಕುಟುಂಬ ನೆರೆಹೊರೆಯವರ ಕಣ್ಣಿಗೆ ವಿಚಿತ್ರವಾಗಿ ಕಂಡಿತು. ಓಡಾಟಕ್ಕೆ ಒಂದು ಹಳೆಯ ಲಂಡನ್ ಟ್ಯಾಕ್ಸಿ. ಊಟದ ಮೇಜಿನ ಸುತ್ತ ಕುಳಿತವರೆಲ್ಲರ ಕೈಯಲ್ಲೂ ಒಂದೊಂದು ಪುಸ್ತಕ, ಮಾತಿಲ್ಲ, ಕಥೆಯಿಲ್ಲ.

ಇಷ್ಟಾದರೂ ಹುಡುಗ ತರಗತಿಯಲ್ಲಿ ಮೊದಲಿಗನೇನೂ ಆಗಿರಲಿಲ್ಲ. ಹೆಚ್ಚೆಂದರೆ ನಡುಮಧ್ಯ. ಅಕ್ಷರ ಕಾಗೆಗಾಲು. ಅವನಿಗೆ ಹನ್ನೆರಡು ವರ್ಷವಿದ್ದಾಗ ಗೆಳೆಯನೊಬ್ಬ ಇನ್ನೊಬ್ಬನೊಡನೆ ಒಂದು ಪೊಟ್ಟಣ ಮಿಠಾಯಿಯ ಪಂದ್ಯ ಕಟ್ಟಿದ್ದ: ಈ ಸ್ಟೀಫನ್ ಮುಂದೆ ಏನೂ ಆಗುವುದಿಲ್ಲವೆಂದು. ಆ ಮಿಠಾಯಿ ಕೊನೆಗೆ ಯಾರ ಪಾಲಾಯಿತೋ ತಮಗೆ ತಿಳಿಯದೆಂದು ಹಾಕಿಂಗ್ ಬರೆದಿದ್ದಾರೆ. ಆದರೆ ಅದೇ ಶಾಲೆಯಲ್ಲಿ ಡಿಕ್ರಾನ್ ತಹ್ತಾ ಎಂಬ ಗಣಿತದ ಮೇಷ್ಟ್ರಿದ್ದರು. ಅವರ ನೆರವಿನಿಂದ ಹುಡುಗರು 1958ರಲ್ಲಿ ಹಳೆಯ ಟೆಲಿಫೋನ್ ವಿನಿಮಯ ಕೇಂದ್ರದ ಬಿಡಿಭಾಗಗಳನ್ನು ಜೋಡಿಸಿ ಲ್ಯೂಸ್ ಎಂಬ ಹೆಸರಿನ ಪುಟ್ಟ ಗಣಕಯಂತ್ರವೊಂದನ್ನು ಕಟ್ಟಿದರು. ಎಪ್ಪತ್ತು ದಾಟಿದ ಮೇಲೂ ಹಾಕಿಂಗ್ ಆ ಮೇಷ್ಟ್ರ ಹೆಸರನ್ನು ಕೃತಜ್ಞತೆಯಿಂದ ಹೇಳುತ್ತಿದ್ದರು.

ಮಗ ವೈದ್ಯನಾಗಬೇಕೆಂಬುದು ತಂದೆಯ ಆಸೆ. ಗಣಿತ ಓದಿದವನಿಗೆ ಮೇಷ್ಟ್ರಗಿರಿಯಲ್ಲದೆ ಬೇರೆ ಯಾವ ನೌಕರಿ ಸಿಗುತ್ತದೆಂಬ ಚಿಂತೆ. ಈ ಸಂಭಾಷಣೆ ಕೇಳದ ಮನೆ ನಮ್ಮಲ್ಲಿಯೂ ಕಡಿಮೆಯೇ. ಕೊನೆಗೆ ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದು ಭೌತವಿಜ್ಞಾನಕ್ಕೆ ಒಪ್ಪಿದರು. ತಂದೆಯ ಸಂಶೋಧನೆಯ ಸಲುವಾಗಿ ಇಡೀ ಕುಟುಂಬ ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಂದಾಗ, ಪರೀಕ್ಷೆಯಿದೆಯೆಂದು ಸ್ಟೀಫನ್‌ನನ್ನು ಪರಿಚಯದವರ ಮನೆಯಲ್ಲಿ ಬಿಟ್ಟರು. 1959ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಅವನು ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್ ಸೇರಿದ.

ಅಲ್ಲಿ ಅವನು ಓದಿದ್ದು ಬಹಳ ಕಡಿಮೆ. ಮೂರು ವರ್ಷಗಳಲ್ಲಿ ಒಟ್ಟು ಸಾವಿರ ಗಂಟೆ, ಅಂದರೆ ದಿನಕ್ಕೆ ಸರಾಸರಿ ಒಂದು ಗಂಟೆ ಎಂದು ಅವರೇ ಆಮೇಲೆ ಲೆಕ್ಕ ಹಾಕಿದರು. ಕಷ್ಟಪಟ್ಟು ಓದುವುದೇ ಅವಮಾನವೆಂಬ ಗಾಳಿ ಆಗ ಅಲ್ಲಿ ಬೀಸುತ್ತಿತ್ತಂತೆ. ದೋಣಿ ಸ್ಪರ್ಧೆಯಲ್ಲಿ ಹುಟ್ಟುಹಾಕುವವರಿಗೆ ದಿಕ್ಕು ಹೇಳುವ ಕೆಲಸ ಅವನಿಗೆ ಹೆಚ್ಚು ಪ್ರಿಯವಾಗಿತ್ತು. ಅಂತಿಮ ಪರೀಕ್ಷೆಯಲ್ಲಿ ಪ್ರಥಮ ದರ್ಜೆಗೂ ದ್ವಿತೀಯ ದರ್ಜೆಗೂ ನಡುವಿನ ಗೆರೆಯ ಮೇಲೆ ನಿಂತ. ಸಂದರ್ಶನದಲ್ಲಿ, ಪ್ರಥಮ ದರ್ಜೆ ಕೊಟ್ಟರೆ ಕೇಂಬ್ರಿಜ್‌ಗೆ ಹೋಗುತ್ತೇನೆ, ದ್ವಿತೀಯ ದರ್ಜೆಯಾದರೆ ಇಲ್ಲಿಯೇ ಉಳಿಯುತ್ತೇನೆ ಎಂದ. ಪ್ರಥಮ ದರ್ಜೆ ಸಿಕ್ಕಿತು! (ವಿದ್ಯಾರ್ಥಿಗಳು ಇದನ್ನು ಪಾಠವೆಂದು ತಿಳಿಯದಿರುವುದು ಒಳ್ಳೆಯದು.)

ಆ ಕೊನೆಯ ವರ್ಷದಲ್ಲೇ ಅವನು ಒಂದೆರಡು ಸಲ ಕಾರಣವಿಲ್ಲದೆ ಬಿದ್ದಿದ್ದ. ಒಮ್ಮೆ ಮೆಟ್ಟಿಲಿನಿಂದ. 1962ರ ಕ್ರಿಸ್‌ಮಸ್ ರಜೆಗೆ ಕೇಂಬ್ರಿಜ್‌ನಿಂದ ಮನೆಗೆ ಬಂದಾಗ, ಹೆಪ್ಪುಗಟ್ಟಿದ ಕೆರೆಯ ಮೇಲೆ ಜಾರಾಡುತ್ತ ಬಿದ್ದವನಿಗೆ ಮತ್ತೆ ಏಳಲಾಗಲಿಲ್ಲ. ಇಪ್ಪತ್ತೊಂದನೆಯ ಹುಟ್ಟುಹಬ್ಬದ ಬೆನ್ನಿಗೇ ಲಂಡನ್ನಿನ ಆಸ್ಪತ್ರೆಗೆ ಸೇರಿಸಿದರು. ಎರಡು ವಾರ ಪರೀಕ್ಷೆಗಳು ನಡೆದವು. ತೋಳಿನಿಂದ ಸ್ನಾಯುವಿನ ತುಣುಕು ತೆಗೆದರು, ವಿದ್ಯುದ್ವಾಹಕಗಳನ್ನು ಚುಚ್ಚಿದರು, ಬೆನ್ನುಹುರಿಗೆ ದ್ರವ ಸೇರಿಸಿ ಮಂಚವನ್ನು ಮೇಲೆ ಕೆಳಗೆ ಓಲಾಡಿಸಿ ಕ್ಷಕಿರಣದಲ್ಲಿ ನೋಡಿದರು. ಕೊನೆಗೆ ಜೀವಸತ್ವದ ಗುಳಿಗೆ ತಿನ್ನಲು ಹೇಳಿದರು. ಅದರಿಂದ ಏನೂ ಆಗದೆಂಬುದು ಅವನಿಗೂ ತಿಳಿದಿತ್ತು.

ಕಾಯಿಲೆಯ ಹೆಸರು ಎಮಿಯೊಟ್ರೋಫಿಕ್ ಲ್ಯಾಟರಲ್ ಸ್ಕ್ಲಿರೋಸಿಸ್, ಚಿಕ್ಕದಾಗಿ ಎ.ಎಲ್.ಎಸ್. ಫ್ರಾನ್ಸಿನ ವೈದ್ಯ ಶಾರ್ಕೊ 1869ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದ. ನಾವು ಕೈಯೆತ್ತಬೇಕೆಂದರೆ ಮಿದುಳಿನಿಂದ ಹೊರಟ ಆಜ್ಞೆ ಮೊದಲು ಬೆನ್ನುಹುರಿಗೆ, ಅಲ್ಲಿಂದ ಸ್ನಾಯುವಿಗೆ ತಲುಪಬೇಕು. ಈ ಸಂದೇಶ ಒಯ್ಯುವ ಚಾಲಕ ನರಕೋಶಗಳು ಒಂದೊಂದಾಗಿ ಸಾಯುವುದೇ ಈ ರೋಗ. ಆಜ್ಞೆ ಬಾರದ ಸ್ನಾಯು ಸೊರಗಿ ಬತ್ತುತ್ತದೆ. ಕೈ, ಕಾಲು, ನಾಲಗೆ, ಗಂಟಲು, ಕೊನೆಗೆ ಉಸಿರಾಟದ ಸ್ನಾಯು. ಕಣ್ಣು ನೋಡುತ್ತಿರುತ್ತದೆ, ಕಿವಿ ಕೇಳುತ್ತಿರುತ್ತದೆ, ಚರ್ಮಕ್ಕೆ ಸ್ಪರ್ಶ ತಿಳಿಯುತ್ತಿರುತ್ತದೆ. ಕೆಲವರಲ್ಲಿ ಆಲೋಚನಾಶಕ್ತಿಗೂ ಪೆಟ್ಟು ಬೀಳುವುದುಂಟು. ಹಲವರಲ್ಲಿ ಅದು ಉಳಿಯುತ್ತದೆ. ರೋಗ ಪತ್ತೆಯಾದ ಮೇಲೆ ಬಹುಪಾಲು ಜನ ಎರಡರಿಂದ ಐದು ವರ್ಷ ಬದುಕುತ್ತಾರೆ. ಹತ್ತು ವರ್ಷ ದಾಟುವವರು ನೂರಕ್ಕೆ ಹತ್ತರಷ್ಟು. 1995ರಲ್ಲಿ ಅಮೆರಿಕದಲ್ಲಿ ಮಂಜೂರಾದ ರಿಲುಜೋಲ್ ಎಂಬ ಔಷಧ ಆಯಸ್ಸಿಗೆ ಕೆಲವು ತಿಂಗಳು ಸೇರಿಸುತ್ತದೆ. ವಂಶವಾಹಿಯ ಒಂದು ನಿರ್ದಿಷ್ಟ ದೋಷದಿಂದ ರೋಗ ಬಂದ ಕೆಲವರಿಗಾಗಿ 2023ರಲ್ಲಿ ಇನ್ನೊಂದು ಔಷಧಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿದೆ. ಪೂರ್ತಿ ಗುಣಪಡಿಸುವ ಮದ್ದಿಲ್ಲ.

ಹಾಕಿಂಗ್‌ಗೆ ವೈದ್ಯರು ಕೊಟ್ಟ ಗಡುವು ಸುಮಾರು ಎರಡು ವರ್ಷ. ಅವರು ಬದುಕಿದ್ದು ಐವತ್ತೈದು ವರ್ಷ. ಇದು ಮನೋಬಲದ ಫಲವೆಂದು ಯಾವ ನರರೋಗ ತಜ್ಞರೂ ಹೇಳುವುದಿಲ್ಲ. ಚಿಕ್ಕ ವಯಸ್ಸಿಗೆ ಬಂದ ರೋಗ ಅವರಲ್ಲಿ ತೀರಾ ನಿಧಾನವಾಗಿ ಹರಡಿತು, ಅಷ್ಟೆ. ಒಂದೇ ಜಾತಿಯ ರೋಗ ಎಲ್ಲರಲ್ಲೂ ಒಂದೇ ವೇಗದಲ್ಲಿ ಓಡುವುದಿಲ್ಲ. ಇದಕ್ಕೆ ನಮ್ಮ ಸುತ್ತಲೇ ನಿದರ್ಶನಗಳಿವೆ. 1970ರಲ್ಲಿ ಮದರಾಸಿನ ವೈದ್ಯರು ದಕ್ಷಿಣ ಭಾರತದ ಎಳೆಯರಲ್ಲಿ ಕಂಡುಬರುವ, ಕಿವುಡುತನದೊಡನೆ ಬರುವ, ನಿಧಾನಗತಿಯ ಚಾಲಕ ನರರೋಗವೊಂದನ್ನು ಗುರುತಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ, ಒಂದೇ ಒಂದು ಕೈಯನ್ನೋ ಕಾಲನ್ನೋ ಸೊರಗಿಸಿ ಕೆಲವು ವರ್ಷಗಳಲ್ಲಿ ತಾನಾಗಿಯೇ ನಿಂತುಬಿಡುವ ಬಗೆಯನ್ನು ವಿವರಿಸಿದರು. ಆದುದರಿಂದ ಮನೆಯಲ್ಲಿ ಯಾರಿಗಾದರೂ ಇಂಥ ರೋಗದ ಸೂಚನೆ ಕಂಡರೆ, ಹೆಸರು ಕೇಳಿದೊಡನೆ ಕೈಚೆಲ್ಲಿ ಕೂರುವ ಮೊದಲು ತಜ್ಞರಲ್ಲಿಗೆ ಹೋಗಿ ಅದು ಯಾವ ಬಗೆಯದೆಂದು ತಿಳಿಯುವುದು ಮುಖ್ಯ.

ಆಸ್ಪತ್ರೆಯಿಂದ ಮರಳಿದ ಹುಡುಗ ಕತ್ತಲೆಯ ಕೋಣೆಯಲ್ಲಿ ಕುಳಿತು ವ್ಯಾಗ್ನರ್‌ನ ಸಂಗೀತ ಕೇಳಿದ. ಪಿಎಚ್.ಡಿ. ಮುಗಿಯುವವರೆಗೆ ಬದುಕಿರುವುದೇ ಅನುಮಾನ, ಇನ್ನು ಓದುವುದೇಕೆ? ಆದರೆ ಎರಡು ಸಂಗತಿಗಳು ಅವನ ಮನಸ್ಸಿನಲ್ಲಿ ಕುಳಿತುಬಿಟ್ಟಿದ್ದವು. ಆಸ್ಪತ್ರೆಯಲ್ಲಿ ಎದುರಿನ ಮಂಚದಲ್ಲಿದ್ದ ಹುಡುಗನೊಬ್ಬ ರಕ್ತದ ಕ್ಯಾನ್ಸರಿನಿಂದ ಕಣ್ಣೆದುರೇ ಸತ್ತಿದ್ದ. ಇನ್ನೊಂದು, ತನ್ನನ್ನು ಗಲ್ಲಿಗೇರಿಸುತ್ತಾರೆಂದು ಬಿದ್ದ ಕನಸು. ಎಚ್ಚರವಾದಾಗ, ಶಿಕ್ಷೆ ರದ್ದಾದರೆ ಮಾಡಬೇಕಾದ ಕೆಲಸಗಳು ಎಷ್ಟೊಂದಿವೆಯಲ್ಲ ಎನಿಸಿತಂತೆ.

ತಂದೆ ಫ್ರಾಂಕ್ ಹಾಕಿಂಗ್ ಮಾರ್ಗದರ್ಶಕ ಡೆನಿಸ್ ಶಿಯಾಮಾ ಅವರನ್ನು ಕಂಡು, ಮಗನಿಗೆ ಕಾಲಾವಕಾಶ ಕಡಿಮೆಯಿದೆ, ಪಿಎಚ್.ಡಿ.ಯನ್ನು ಬೇಗ ಮುಗಿಸಿಕೊಡಲು ಸಾಧ್ಯವೇ ಎಂದು ಕೇಳಿದರೆಂದೂ, ಶಿಯಾಮಾ ಆಗದೆಂದರೆಂದೂ ಜೀವನಚರಿತ್ರೆಕಾರರು ಬರೆದಿದ್ದಾರೆ. ಮೇಲುನೋಟಕ್ಕೆ ಕಟುವೆನಿಸುವ ಮಾತು. ಮಗ ಸಾಯುತ್ತಿದ್ದಾನೆಂದು ತಿಳಿದ ತಂದೆಗೆ ಅದು ಹೇಗೆ ಕೇಳಿಸಿತೋ! ಆದರೆ ಶಿಯಾಮಾ ಆ ಹುಡುಗನನ್ನು ಉಳಿದ ವಿದ್ಯಾರ್ಥಿಗಳಂತೆಯೇ ನಡೆಸಿಕೊಂಡರು. ಅವನಿಗೆ ಬೇಕಾಗಿದ್ದದ್ದೂ ಅದೇ.

ಈ ನಡುವೆ ಜೇನ್ ವೈಲ್ಡ್ ಎಂಬ ಹುಡುಗಿಯ ಪರಿಚಯವಾಗಿತ್ತು. 1964ರ ಅಕ್ಟೋಬರಿನಲ್ಲಿ ನಿಶ್ಚಿತಾರ್ಥ. ಮದುವೆಯಾಗಬೇಕಾದರೆ ನೌಕರಿ ಬೇಕು, ನೌಕರಿಗೆ ಪಿಎಚ್.ಡಿ. ಬೇಕು, ಅದಕ್ಕೆ ಓದಬೇಕು. ಬದುಕಿನಲ್ಲಿ ಮೊದಲ ಬಾರಿಗೆ ಅವನು ಮೈಬಗ್ಗಿಸಿ ದುಡಿದ. ದುಡಿದಾಗ ಅದು ತನಗೆ ಇಷ್ಟವೆಂದು ತಿಳಿದು ಅವನಿಗೇ ಆಶ್ಚರ್ಯವಾಯಿತು. 1965ರ ಜುಲೈನಲ್ಲಿ ಮದುವೆಯಾಯಿತು. ಅಳಿಯುತ್ತಿದ್ದ ಕೈಬರಹದ ಪ್ರೌಢಪ್ರಬಂಧವನ್ನು ಬೆರಳಚ್ಚು ಮಾಡಿಕೊಟ್ಟವರು ಜೇನ್. 1966ರಲ್ಲಿ ಪದವಿ ಬಂತು. ಅರ್ಧ ಶತಮಾನದ ನಂತರ, 2017ರಲ್ಲಿ, ಕೇಂಬ್ರಿಜ್ ಆ ಪ್ರಬಂಧವನ್ನು ಅಂತರಜಾಲದಲ್ಲಿ ಹಾಕಿದಾಗ ಓದಲು ಮುಗಿಬಿದ್ದವರ ನೂಕುನುಗ್ಗಲಿಗೆ ಆ ತಾಣವೇ ಕುಸಿದುಬಿತ್ತು.

ಅವರ ವಿಜ್ಞಾನದ ಬಗ್ಗೆ ಇಲ್ಲಿ ಹೆಚ್ಚು ಹೇಳಲು ಸ್ಥಳವಿಲ್ಲ. ಆದರೆ ಅದರಲ್ಲಿ ಭಾರತದ ಎಳೆಗಳು ಇರುವುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಪ್ರಸಿದ್ಧ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಅವರ ಬಳಿ ಸಂಶೋಧನೆ ಮಾಡುತ್ತಿದ್ದ ಜಯಂತ ನಾರಳೀಕರ್ ಕೇಂಬ್ರಿಜ್‌ನಲ್ಲಿ ಹಾಕಿಂಗ್‌ರ ಸಹವರ್ತಿ. ಹಾಯ್ಲ್ ಮತ್ತು ನಾರಳೀಕರರ ಹೊಸ ಸಿದ್ಧಾಂತವನ್ನು 1964ರಲ್ಲಿ ರಾಯಲ್ ಸೊಸೈಟಿಯಲ್ಲಿ ಹಾಯ್ಲ್ ಮಂಡಿಸಿದಾಗ, ಕೋಲೂರಿ ಎದ್ದುನಿಂತು ಇದರಲ್ಲೊಂದು ರಾಶಿ ಅನಂತವಾಗಿಬಿಡುತ್ತದೆ ಎಂದ ಎಳೆಯ ಸಂಶೋಧಕ ಇದೇ ಹಾಕಿಂಗ್. ವಿಶ್ವಕ್ಕೆ ಒಂದು ಆರಂಭಬಿಂದು ಇರಲೇಬೇಕೆಂದು ಅವರು ಮತ್ತು ರೋಜರ್ ಪೆನ್‌ರೋಸ್ ಸಾಧಿಸಿದ ಪ್ರಮೇಯದ ತಳದಲ್ಲಿ ಕಲ್ಕತ್ತೆಯ ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲಿ ಪ್ರಕಟಿಸಿದ ಸಮೀಕರಣವಿದೆ. ಇನ್ನು ಕೃಷ್ಣವಿವರಗಳು, ಕಪ್ಪುಕುಳಿಗಳೆಂದು ಕೆಲವರು ಕರೆಯುವ ಆ ವಿಚಿತ್ರ ಆಕಾಶಕಾಯಗಳು. ಅವು ಕದಡಿದಾಗ ಗಂಟೆಯಂತೆ ಅನುರಣಿಸಿ ತಣ್ಣಗಾಗುತ್ತವೆಂದು 1970ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ, ಮುಂದೆ ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರು. ಅದೇ 1970ರ ನವೆಂಬರಿನ ಒಂದು ರಾತ್ರಿ ಹಾಕಿಂಗ್‌ಗೆ ಹೊಳೆದದ್ದು, ಕೃಷ್ಣವಿವರದ ಮೇಲ್ಮೈ ವಿಸ್ತೀರ್ಣ ಎಂದಿಗೂ ಕುಗ್ಗಲಾರದೆಂಬ ಸಂಗತಿ.

ಅದು ಹೊಳೆದ ಸಂದರ್ಭ ಸ್ವಾರಸ್ಯವಾದದ್ದು. ಮಗಳು ಲೂಸಿ ಹುಟ್ಟಿ ಕೆಲವೇ ದಿನಗಳಾಗಿದ್ದವು. ಹಾಕಿಂಗ್ ಮಲಗಲು ಹೊರಟಿದ್ದರು. ಕುರ್ಚಿಯಿಂದ ಮಂಚಕ್ಕೆ ಹೋಗಿ, ಬಟ್ಟೆ ಬದಲಿಸಿ ಮಲಗುವುದೆಂದರೆ ಅವರಿಗೆ ದೀರ್ಘ ಕಾಲದ ಕೆಲಸ. ಹಾಗಾಗಿ ಯೋಚಿಸಲು ಬೇಕಾದಷ್ಟು ಹೊತ್ತಿತ್ತು ಎಂದು ಅವರೇ ತಮಾಷೆಯಾಗಿ ಬರೆದಿದ್ದಾರೆ.

ಬರೆಯಲಾಗದವನು ಗಣಿತ ಮಾಡುವುದು ಹೇಗೆ? ಕಾಗದ ಪೆನ್ಸಿಲು ಇಲ್ಲದೆ ಎರಡಂಕಿಯ ಗುಣಾಕಾರಕ್ಕೇ ನಾವು ತಡವರಿಸುತ್ತೇವೆ. ಪುಟಗಟ್ಟಲೆ ಹರಿಯುವ ಸಮೀಕರಣಗಳನ್ನು ತಲೆಯಲ್ಲಿ ಹಿಡಿದಿಡುವುದು ಯಾರಿಗೂ ಸುಲಭವಲ್ಲ. ಹಾಕಿಂಗ್ ಮಾಡಿದ್ದೇನೆಂದರೆ, ಪ್ರಶ್ನೆಗಳನ್ನೇ ಆಕಾರಗಳನ್ನಾಗಿ ಬದಲಾಯಿಸಿಕೊಂಡರು. ಬೀಜಗಣಿತದ ದಾರಿ ಮುಚ್ಚಿದಂತೆ ರೇಖಾಗಣಿತದ ದಾರಿ ಹಿಡಿದರು: ಬಾಗಿದ ಮೇಲ್ಮೈಗಳು, ಒಂದನ್ನೊಂದು ಸಂಧಿಸದ ಬೆಳಕಿನ ಕಿರಣಗಳು, ಕಾಲದ ಗಡಿಗಳು. ಉದ್ದನೆಯ ಲೆಕ್ಕಗಳ ವಿವರವನ್ನು ವಿದ್ಯಾರ್ಥಿಗಳು, ಸಹೋದ್ಯೋಗಿಗಳು ಕಪ್ಪುಹಲಗೆಯ ಮೇಲೆ ಬಿಡಿಸುತ್ತಿದ್ದರು. ಒಂದು ಬಗೆಯ ಪ್ರಶ್ನೆಗಳನ್ನು ಅವರು ಕೈಬಿಡಬೇಕಾಯಿತು; ಇನ್ನೊಂದು ಬಗೆಯದರಲ್ಲಿ ಬೇರೆಯವರಿಗೆ ಕಾಣದ್ದು ಕಂಡಿತು. 1974ರಲ್ಲಿ, ಕೃಷ್ಣವಿವರಗಳು ಪೂರ್ತಿ ಕಪ್ಪಲ್ಲ, ಅವುಗಳಿಂದಲೂ ವಿಕಿರಣ ಸೋರುತ್ತದೆ ಎಂದು ಪ್ರಕಟಿಸಿ ಭೌತವಿಜ್ಞಾನಿಗಳನ್ನು ಬೆಚ್ಚಿಬೀಳಿಸಿದರು. ಮೂವತ್ತೆರಡನೆಯ ವಯಸ್ಸಿಗೆ ರಾಯಲ್ ಸೊಸೈಟಿಯ ಸದಸ್ಯತ್ವ ಬಂತು. ಹೊಸ ಸದಸ್ಯರು ವೇದಿಕೆಗೆ ನಡೆದುಹೋಗಿ ರುಜು ಹಾಕುವುದು ಅಲ್ಲಿನ ಪದ್ಧತಿ. ಅಂದು ಪುಸ್ತಕವೇ ವೇದಿಕೆಯಿಂದಿಳಿದು ಅವರ ಬಳಿಗೆ ಬಂತು.

ಜೇನ್ ಅವರ ಕಥೆ ಈ ಚಿತ್ರಪಟಗಳಲ್ಲಿ ಎಲ್ಲೂ ಇರುವುದಿಲ್ಲ. 1967ರಲ್ಲಿ ರಾಬರ್ಟ್, 1970ರಲ್ಲಿ ಲೂಸಿ, 1979ರಲ್ಲಿ ಟಿಮೊಥಿ. ಮೂರು ಮಕ್ಕಳನ್ನೂ, ದಿನದಿಂದ ದಿನಕ್ಕೆ ಭಾರವಾಗುತ್ತಿದ್ದ ಗಂಡನನ್ನೂ ಅವರೊಬ್ಬರೇ ನೋಡಿಕೊಂಡರು. ಉಣಿಸುವುದು, ಎತ್ತುವುದು, ಮೀಯಿಸುವುದು, ಹಾಸಿಗೆಗೆ ಹಾಕುವುದು. ಹೊರಗಿನ ನೆರವು ಪಡೆಯುವುದೆಂದರೆ ಕಾಯಿಲೆಗೆ ತಲೆಬಾಗಿದಂತೆ ಎಂಬುದು ಹಾಕಿಂಗ್‌ರ ಹಟ. ಆ ಹಟವನ್ನೇ ಜಗತ್ತು ಧೈರ್ಯವೆಂದು ಕೊಂಡಾಡಿತು. ಅದರ ಬೆಲೆಯನ್ನು ಮನೆಯಲ್ಲಿ ಇನ್ನೊಬ್ಬರು ತೆರುತ್ತಿದ್ದರು. ಮಧ್ಯಯುಗದ ಸ್ಪ್ಯಾನಿಷ್ ಕಾವ್ಯದ ಮೇಲೆ ಅರವತ್ತರ ದಶಕದಲ್ಲಿ ಜೇನ್ ಆರಂಭಿಸಿದ್ದ ಸಂಶೋಧನೆ ಮುಗಿದದ್ದು 1981ರಲ್ಲಿ. ಗಂಡನ ಪ್ರೌಢಪ್ರಬಂಧವನ್ನು ಬೆರಳಚ್ಚು ಮಾಡಿದಾಕೆ ತಮ್ಮದಕ್ಕೆ ಅಷ್ಟು ವರ್ಷ ಕಾಯಬೇಕಾಯಿತು. 1974ರಿಂದ ಸಂಶೋಧನಾ ವಿದ್ಯಾರ್ಥಿಗಳು ಮನೆಯಲ್ಲೇ ಇದ್ದು ನೆರವಾಗತೊಡಗಿದರು. 1980ರ ನಂತರ ಬೆಳಿಗ್ಗೆ ಸಂಜೆ ಒಂದೆರಡು ಗಂಟೆ ದಾದಿಯರು ಬರತೊಡಗಿದರು.

1985ರ ಬೇಸಿಗೆ. ಜಿನೀವಾಕ್ಕೆ ಹೋಗಿದ್ದ ಹಾಕಿಂಗ್‌ಗೆ ನ್ಯುಮೋನಿಯಾ ಹತ್ತಿತು. ಉಸಿರಾಟದ ಯಂತ್ರಕ್ಕೆ ಜೋಡಿಸಿದ ವೈದ್ಯರು, ಇನ್ನು ಉಳಿಯುವುದು ಕಷ್ಟ, ಯಂತ್ರ ನಿಲ್ಲಿಸಿಬಿಡೋಣವೇ ಎಂದು ಜೇನ್‌ರನ್ನು ಕೇಳಿದರು. ಅವರು ಒಪ್ಪಲಿಲ್ಲ. ವಿಮಾನದಲ್ಲಿ ಕೇಂಬ್ರಿಜ್‌ಗೆ ತಂದು, ಗಂಟಲಿನಲ್ಲಿ ರಂಧ್ರ ಕೊರೆದು ಉಸಿರಾಟಕ್ಕೆ ದಾರಿ ಮಾಡಿದರು. ಜೀವ ಉಳಿಯಿತು. ಹತ್ತಿರದವರಿಗಾದರೂ ಅರ್ಥವಾಗುತ್ತಿದ್ದ ತೊದಲು ಮಾತು ಪೂರ್ತಿ ನಿಂತಿತು. ಇನ್ನು ಹಗಲು ರಾತ್ರಿ ದಾದಿಯರು ಬೇಕು. ಸರ್ಕಾರಿ ಆರೋಗ್ಯ ವ್ಯವಸ್ಥೆಯಿಂದ ದೊರೆಯುತ್ತಿದ್ದದ್ದು ದಿನಕ್ಕೆ ಕೆಲವೇ ಗಂಟೆಗಳ ನೆರವು. ಜೇನ್ ಪತ್ರಗಳನ್ನು ಬರೆದರು, ಕೊನೆಗೆ ಅಮೆರಿಕದ ಪ್ರತಿಷ್ಠಾನವೊಂದು ಖರ್ಚು ಕೊಡಲು ಮುಂದೆ ಬಂತು. ಪ್ರಖ್ಯಾತ ವಿಜ್ಞಾನಿಯಾಗಿರದಿದ್ದರೆ? ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವಂತಿಲ್ಲ.

ಮೊದಮೊದಲು ಸಂಭಾಷಣೆಯೆಂದರೆ ಅಕ್ಷರಗಳ ಹಲಗೆ. ಎದುರಿನವರು ಒಂದೊಂದೇ ಅಕ್ಷರ ತೋರಿಸುತ್ತಿದ್ದರು, ಸರಿಯಾದದ್ದು ಬಂದಾಗ ಇವರು ಹುಬ್ಬೇರಿಸಬೇಕು. ಹೀಗೆ ಒಂದು ವಾಕ್ಯ ಕಟ್ಟುವುದೇ ಸಾಹಸ, ವೈಜ್ಞಾನಿಕ ಲೇಖನದ ಮಾತು ದೂರ ಉಳಿಯಿತು. ಆಗ ಕ್ಯಾಲಿಫೋರ್ನಿಯದ ವಾಲ್ಟ್ ವೋಲ್ಟೋಸ್ ಎಂಬ ತಜ್ಞ ತಾವು ಬರೆದ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ಕಳಿಸಿದರು. ಅವರ ಅತ್ತೆಗೂ, ಅಂದರೆ ಹೆಂಡತಿಯ ತಾಯಿಗೂ, ಇದೇ ಕಾಯಿಲೆಯಿತ್ತು. ಪರದೆಯ ಮೇಲೆ ಸಾಲು ಸಾಲು ಪದಗಳು ಹಾಯುತ್ತವೆ, ಬೇಕಾದದ್ದು ಬಂದಾಗ ಕೈಯಲ್ಲಿದ್ದ ಗುಂಡಿ ಒತ್ತಬೇಕು. ಕೇಂಬ್ರಿಜ್‌ನ ಡೇವಿಡ್ ಮೇಸನ್ ಆ ಕಂಪ್ಯೂಟರನ್ನು ಗಾಲಿಕುರ್ಚಿಗೇ ಅಳವಡಿಸಿಕೊಟ್ಟರು. ನಿಮಿಷಕ್ಕೆ ಹದಿನೈದು ಪದಗಳವರೆಗೆ ಸಾಗುತ್ತಿತ್ತು. ಧ್ವನಿಯ ಮೂಲ ಅಮೆರಿಕದ ವಿಜ್ಞಾನಿ ಡೆನಿಸ್ ಕ್ಲ್ಯಾಟ್ ಅವರದು. ಅವರು 1988ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಧ್ವನಿ ಹಾಕಿಂಗ್‌ರ ಬಾಯಲ್ಲಿ ಮೂವತ್ತು ವರ್ಷ ಮಾತಾಡಿತು. ಮುಂದೆ ಇನ್ನೂ ಇಂಪಾದ ಧ್ವನಿಗಳು ಬಂದಾಗಲೂ ಹಾಕಿಂಗ್ ಬದಲಾಯಿಸಲಿಲ್ಲ. ಇದೇ ತಮ್ಮ ಧ್ವನಿಯೆಂದು ಜನ ಗುರುತಿಸುತ್ತಾರೆಂಬುದು ಅವರ ಉತ್ತರ. ಇಂಗ್ಲಿಷರವನಿಗೆ ಅಮೆರಿಕದ ಉಚ್ಚಾರಣೆ ಬಂದದ್ದು ಹೀಗೆ.

ಆ ಯಂತ್ರದಿಂದಲೇ ತಿದ್ದಿ ಮುಗಿಸಿದ್ದು 'ಎ ಬ್ರೀಫ್ ಹಿಸ್ಟರಿ ಆಫ್ ಟೈಮ್'. 1988ರಲ್ಲಿ ಹೊರಬಂದ ಈ ಪುಸ್ತಕ ಒಂದು ಕೋಟಿಗೂ ಮಿಗಿಲಾದ ಪ್ರತಿಗಳಲ್ಲಿ ಮಾರಾಟವಾಯಿತು. ಬರೆಯಲು ಹೊರಟದ್ದರ ಮೊದಲ ಕಾರಣ ತೀರಾ ಸಂಸಾರಸ್ಥನದು: ಮಗಳ ಶಾಲೆಯ ಫೀಜು ಕಟ್ಟಬೇಕಿತ್ತು. ಪುಸ್ತಕ ಅಂಗಡಿಗೆ ಬರುವ ಹೊತ್ತಿಗೆ ಮಗಳು ಶಾಲೆಯ ಕೊನೆಯ ವರ್ಷದಲ್ಲಿದ್ದಳು ಎಂಬುದು ಬೇರೆ ಮಾತು!

ಅಂದಹಾಗೆ ಕೈಯ ಕಥೆಗೆ ಇನ್ನೊಂದು ಅಂಕವಿದೆ. 1974ರಲ್ಲಿ ಹಾಕಿಂಗ್ ಗೆಳೆಯ ಕಿಪ್ ಥಾರ್ನ್ ಜೊತೆ ಪಂದ್ಯ ಕಟ್ಟಿದ್ದರು, ಹಂಸ ನಕ್ಷತ್ರಪುಂಜದ ಒಂದು ಕ್ಷಕಿರಣ ಮೂಲ ಕೃಷ್ಣವಿವರವಲ್ಲವೆಂದು. ಅದು ನಿಜವಾಗಿ ಕೃಷ್ಣವಿವರವೇ ಆಗಲೆಂಬುದು ಅವರ ಆಸೆ. ಆಗದಿದ್ದರೆ ಪಂದ್ಯವಾದರೂ ಗೆಲ್ಲಲೆಂದು ಮಾಡಿಕೊಂಡ ವಿಮೆ ಇದು. ಸಾಕ್ಷ್ಯಗಳು ಕೂಡಿಬಂದವು. 1990ರ ಜೂನ್‌ನ ಒಂದು ರಾತ್ರಿ, ಥಾರ್ನ್ ಮಾಸ್ಕೋದಲ್ಲಿದ್ದಾಗ, ಹಾಕಿಂಗ್ ಮನೆಯವರು, ದಾದಿಯರು, ಗೆಳೆಯರ ದಂಡು ಕಟ್ಟಿಕೊಂಡು ಅವರ ಕೋಣೆಗೆ ನುಗ್ಗಿ, ಗೋಡೆಯ ಮೇಲಿನ ಪಂದ್ಯದ ಕಾಗದ ಇಳಿಸಿ, ಸೋತೆನೆಂದು ಬರೆಸಿ ಹೆಬ್ಬೆಟ್ಟು ಒತ್ತಿದರು. ನ್ಯೂಟನ್ನನ ಪೀಠದಲ್ಲಿ ಕುಳಿತವರು ಹೆಬ್ಬೆಟ್ಟಿನ ಸಹಿ ಹಾಕಿದ್ದು ಅದೇ ಮೊದಲಿರಬೇಕು.

2001ರ ಜನವರಿಯಲ್ಲಿ ಅವರು ಭಾರತಕ್ಕೆ ಬಂದರು. ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಯ ಸಮ್ಮೇಳನದ ವೇಳೆಗೆ ಐವತ್ತೊಂಬತ್ತನೆಯ ಹುಟ್ಟುಹಬ್ಬ ಆಚರಿಸಿಕೊಂಡು, ದೆಹಲಿಗೆ ಹೋಗಿ ಉಪನ್ಯಾಸ ಕೊಟ್ಟರು, ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅವರನ್ನು ಕಂಡರು. ಜಂತರ್ ಮಂತರ್ ಮತ್ತು ಕುತುಬ್ ಮಿನಾರ್ ನೋಡುವ ಆಸೆಪಟ್ಟರು. ಅವರ ಕುರ್ಚಿಗಾಗಿ ಅಲ್ಲಿ ಮರದ ತಾತ್ಕಾಲಿಕ ಇಳಿಜಾರುಗಳು ಸಿದ್ಧವಾದವು. ದೇಶದ ಅಂಗವಿಕಲರ ಹಕ್ಕುಗಳಿಗಾಗಿ ಹೋರಾಡುತ್ತಿದ್ದವರು ಆಗ ಎತ್ತಿದ ಪ್ರಶ್ನೆ ಸರಳವಾದದ್ದು. ಒಬ್ಬ ಅತಿಥಿಗಾಗಿ ಕೆಲವೇ ದಿನಗಳಲ್ಲಿ ಆಗುವ ಕೆಲಸ, ಇಲ್ಲಿಯೇ ಹುಟ್ಟಿ ಇಲ್ಲಿಯೇ ಗಾಲಿಕುರ್ಚಿಯಲ್ಲಿರುವವರಿಗೆ ಇಷ್ಟು ವರ್ಷ ಏಕೆ ಆಗಲಿಲ್ಲ?

ನಿಧಾನವಾಗಿಯಾದರೂ ಕೆಲವು ಬದಲಾಗಿವೆ. 1995ರ ಕಾನೂನು ಏಳು ಬಗೆಯ ಅಂಗವೈಕಲ್ಯವನ್ನಷ್ಟೇ ಗುರುತಿಸಿತ್ತು. 2016ರ ಕಾನೂನು 21ನ್ನು ಗುರುತಿಸುತ್ತದೆ, ಅದರಲ್ಲಿ ಸ್ನಾಯುಕ್ಷಯವೂ ಪಾರ್ಕಿನ್‌ಸನ್‌ನಂಥ ದೀರ್ಘಕಾಲದ ನರರೋಗಗಳೂ ಸೇರಿವೆ. ಬರೆಯಲಾಗದ ವಿದ್ಯಾರ್ಥಿ ಪರೀಕ್ಷೆಗೆ ಲಿಪಿಕಾರರನ್ನು ಪಡೆಯಬಹುದು. ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಷ್ಟು ಹೆಚ್ಚುವರಿ ಸಮಯವೂ ಉಂಟು. ಇದು ದಯೆಯಿಂದ ಕೊಡುವ ಕೃಪಾಂಕವಲ್ಲ. ಕೇಳಲು ಸಂಕೋಚಪಡುವ ತಂದೆತಾಯಿಗಳು, ಮಗು ನಾಲ್ಕು ಜನರ ಕಣ್ಣಿಗೆ ಬೀಳದಿದ್ದರೆ ಸಾಕೆಂದು ಶಾಲೆ ಬಿಡಿಸುವವರು, ಈಗಲೂ ಇದ್ದಾರೆ.

ಹಾಕಿಂಗ್ ಸಂತರಾಗಿರಲಿಲ್ಲ, ಸಂತರೆಂದು ಕರೆಸಿಕೊಳ್ಳುವ ಆಸೆಯೂ ಅವರಿಗಿರಲಿಲ್ಲ. ಹಟಮಾರಿ, ಕೀರ್ತಿಪ್ರಿಯ. 1995ರಲ್ಲಿ ಜೇನ್ ಅವರೊಡನೆ ವಿಚ್ಛೇದನವಾಗಿ, ದಾದಿಯಾಗಿದ್ದವರೊಬ್ಬರನ್ನು ಮದುವೆಯಾದರು. ಹತ್ತು ಹನ್ನೊಂದು ವರ್ಷಗಳಲ್ಲಿ ಅದೂ ಮುರಿಯಿತು. ಜೇನ್ ತಮ್ಮ ನೆನಪುಗಳನ್ನು 1999ರಲ್ಲಿ ಪುಸ್ತಕವಾಗಿ ಬರೆದರು, ಕಹಿಯನ್ನು ಮುಚ್ಚಿಡದೆ. ಕೊನೆಯ ವರ್ಷಗಳಲ್ಲಿ ಇಬ್ಬರಲ್ಲೂ ಮತ್ತೆ ಸ್ನೇಹವಿತ್ತು.

ರೋಗ ತನ್ನ ಪಾಡಿಗೆ ಮುಂದುವರಿಯುತ್ತಲೇ ಇತ್ತು. ಗುಂಡಿ ಒತ್ತುತ್ತಿದ್ದ ಬೆರಳೂ ಸೋತಾಗ ಕನ್ನಡಕಕ್ಕೆ ಒಂದು ಸಂವೇದಕ ಅಳವಡಿಸಿದರು. ಕೆನ್ನೆಯ ಒಂದು ಸ್ನಾಯು ಮಿಸುಕಿದರೆ ಅದು ಗುರುತಿಸುತ್ತಿತ್ತು. ಮಾತಿನ ವೇಗ ನಿಮಿಷಕ್ಕೆ ಒಂದು ಪದಕ್ಕೆ ಇಳಿದಿತ್ತು. ಆ ವೇಗದಲ್ಲಿಯೂ ಅವರು ಮಗಳು ಲೂಸಿಯೊಡನೆ ಸೇರಿ ಮಕ್ಕಳಿಗಾಗಿ ವಿಶ್ವದ ಕಥೆಗಳನ್ನು ಬರೆದರು. 2007ರ ಏಪ್ರಿಲ್‌ನಲ್ಲಿ ವಿಶೇಷ ವಿಮಾನವೊಂದರಲ್ಲಿ ತೂಕರಹಿತ ಸ್ಥಿತಿಯಲ್ಲಿ ತೇಲಿದರು. ನಲವತ್ತು ವರ್ಷಗಳಿಂದ ಕುರ್ಚಿಗೆ ಅಂಟಿದ್ದ ದೇಹ ಗಾಳಿಯಲ್ಲಿ ಮೇಲೆದ್ದಾಗ ತೆಗೆದ ಚಿತ್ರದಲ್ಲಿ ಮುಖದ ತುಂಬ ನಗು. ಆ ನಗುವಿಗೂ ಅದೇ ಕೆನ್ನೆಯ ಸ್ನಾಯು ಬೇಕು.

2018ರ ಮಾರ್ಚ್ 14ರಂದು ಕೇಂಬ್ರಿಜ್‌ನ ಮನೆಯಲ್ಲಿ ಅವರು ತೀರಿಕೊಂಡರು. ಎಪ್ಪತ್ತಾರು ವರ್ಷ. ಚಿತಾಭಸ್ಮವನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನ್ಯೂಟನ್ ಮತ್ತು ಡಾರ್ವಿನ್ ಸಮಾಧಿಗಳ ನಡುವೆ ಇಟ್ಟರು. ಎರಡು ವರ್ಷಗಳ ನಂತರ, 2020ರ ಏಪ್ರಿಲ್‌ನಲ್ಲಿ, ಕೋವಿಡ್ ಹಾವಳಿಯಿಂದ ಆಸ್ಪತ್ರೆಗಳಲ್ಲಿ ಉಸಿರಾಟದ ಯಂತ್ರಗಳಿಗೆ ಬರ ಬಂದಾಗ, ಅವರು ಸ್ವಂತಕ್ಕೆ ಕೊಂಡಿದ್ದ ಯಂತ್ರವನ್ನು ಮನೆಯವರು ಕೇಂಬ್ರಿಜ್‌ನ ರಾಯಲ್ ಪ್ಯಾಪ್‌ವರ್ತ್ ಆಸ್ಪತ್ರೆಗೆ ಕೊಟ್ಟರು. ಅಲ್ಲಿನ ತಂತ್ರಜ್ಞರು ಅದನ್ನು ಪರೀಕ್ಷಿಸಿ ಉಳಿದ ಯಂತ್ರಗಳ ಜೊತೆ ಬಳಕೆಗೆ ಸೇರಿಸಿಕೊಂಡರು.